ಸೋತವರ ದೊಡ್ಡ ಎಲೆ

ಇಸ್ಪೀಟೆಲೆಗೆ ನಮ್ಮಲ್ಲಿ ಎಂದೂ ಒಳ್ಳೆಯ ಹೆಸರು ಬಂದದ್ದಿಲ್ಲ. ಮದುವೆಯ ಹಿಂದಿನ ರಾತ್ರಿ ಚಪ್ಪರದ ಮೂಲೆಯಲ್ಲಿ ಗಂಡಸರು ಜಮಖಾನ ಹಾಸಿಕೊಂಡು ಆಡಿದರೆ ಅದು ಕಾಲಕ್ಷೇಪ. ನಾಲ್ವರು ಹೆಂಗಸರು ನಡುಮನೆಯಲ್ಲಿ ಕೂತು ಆಡಿದರೆ ಅದು ಮನೆತನಕ್ಕೆ ಕುಂದು. ಚಿಕ್ಕವರಿದ್ದಾಗ ನಮಗೆ ಅಪ್ಪಣೆಯಿದ್ದದ್ದು ಕತ್ತೆ ಆಟಕ್ಕೆ ಮಾತ್ರ. ಕೊನೆಗೆ ಯಾರ ಕೈಯಲ್ಲಿ ಎಲೆ ಉಳಿಯಿತೋ ಅವರು ಕತ್ತೆ. ಗೆದ್ದವರು ಯಾರೆಂದು ಆ ಆಟದಲ್ಲಿ ಯಾರೂ ಕೇಳುತ್ತಿರಲಿಲ್ಲ. ಕತ್ತೆ ಯಾರೆಂದಷ್ಟೇ ಕೇಳಿ ನಗುತ್ತಿದ್ದರು. ಮುಂದಿನ ಆಟಕ್ಕೆ ಎಲೆ ಕಲಸುವ ಹೊತ್ತಿಗೆ ಆ ನಗೆಯೂ ಮುಗಿಯುತ್ತಿತ್ತು.

ಮುಗಿಯದ ಆಟವೂ ಒಂದಿದೆಯೆಂದು ನನಗೆ ತಿಳಿದದ್ದು 2020ರಲ್ಲಿ. ನಮ್ಮ ಶಾಲೆಯ ಹಿಂದಿ ಟೀಚರ್ ನನ್ನ ಬಹುಕಾಲದ ಸ್ನೇಹಿತೆ. ಆಕೆಯ ಮಗಳು ಚೀನಾದ ಜಿಯಾಂಗ್‌ಸು ಪ್ರಾಂತ್ಯದಲ್ಲಿ ವೈದ್ಯಕೀಯ ಓದುತ್ತಿದ್ದಳು. ಅಲ್ಲಿನ ಹೊಸ ವರ್ಷದ ರಜೆಗೆಂದು ಆ ಜನವರಿಯಲ್ಲಿ ಮನೆಗೆ ಬಂದವಳು ಮರಳಿ ಹೋಗಲಾಗದೆ ಇಲ್ಲೇ ಉಳಿದಳು. ಕಾರಣ ಎಲ್ಲರಿಗೂ ಗೊತ್ತಿರುವುದೇ. ಅವಳ ಪೆಟ್ಟಿಗೆಯಲ್ಲಿ ಎರಡು ಕಟ್ಟು ಇಸ್ಪೀಟೆಲೆ ಇತ್ತು. ಶಾಲೆಗಳು ಮುಚ್ಚಿದ್ದವು, ನಮ್ಮ ಮೂವರ ಮನೆಯೂ ಒಂದೇ ಬೀದಿಯಲ್ಲಿ. ಹುಡುಗಿ, ಅವಳ ತಾಯಿ, ಗಣಿತದ ಟೀಚರ್, ನಾನು – ನಾಲ್ವರಾದೆವು.

ಆಟದ ಹೆಸರು ಗ್ವಾನ್‌ದಾನ್. ಎರಡೇ ದಿನದಲ್ಲಿ ಹಿಂದಿ ಟೀಚರ್ ಬಾಯಲ್ಲಿ ಅದು 'ಗೋದಾನ'ವಾಯಿತು. 1936ರಲ್ಲಿ ಬಂದ ಪ್ರೇಮಚಂದರ ಆ ಕಾದಂಬರಿಯ ರೈತ ಹೋರಿ ಸಾಯುವವರೆಗೂ ಸಾಲದಿಂದ ಹೊರಬರಲಿಲ್ಲವೆಂಬುದು ನಮಗೆ ಆಗ ನೆನಪಾಗಲಿಲ್ಲ. ಚೀನೀ ಮಾತಿನಲ್ಲಿ ಈ ಹೆಸರಿನ ಅರ್ಥ 'ಮೊಟ್ಟೆ ಎಸೆಯುವುದು'. ಮೊಟ್ಟೆಗೂ ಬಾಂಬಿಗೂ ಅಲ್ಲಿ ಒಂದೇ ಉಚ್ಚಾರ. ಆಟದಲ್ಲಿ ಬಾಂಬುಗಳು ಇರುವುದರಿಂದ ಅದೇ ಮೂಲವಿರಬೇಕೆಂದು ಹೇಳುತ್ತಾರೆ.

ಇಪ್ಪತ್ತೆಂಟು ಆಡಿ ಬಲ್ಲವರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ. ಇಲ್ಲಿ ತುರುಫು ಇಲ್ಲ, ಪಟ್ಟು ಎಣಿಸುವುದಿಲ್ಲ. ಕೈ ಖಾಲಿ ಮಾಡುವುದೇ ಗುರಿ. ಒಬ್ಬರು ಒಂದೆಲೆ ಹಾಕಿದರೆ ಮುಂದಿನವರು ಅದಕ್ಕಿಂತ ದೊಡ್ಡ ಒಂದೆಲೆ ಹಾಕಬೇಕು. ಜೋಡಿ ಹಾಕಿದರೆ ದೊಡ್ಡ ಜೋಡಿ. ಐದರ ಸಾಲು ಹಾಕಿದರೆ ದೊಡ್ಡ ಸಾಲು. ಇಲ್ಲವೇ ಪಾಸ್. ಹೀಗೆ ಒಬ್ಬರ ಮೇಲೊಬ್ಬರು ಏರುತ್ತ ಹೋಗಿ, ಇನ್ನು ಏರುವವರಿಲ್ಲವೆಂದಾಗ ಕೊನೆಗೆ ಹಾಕಿದವರು ಹೊಸದಾಗಿ ಶುರುಮಾಡುತ್ತಾರೆ. ಒಂದೇ ಸಂಖ್ಯೆಯ ನಾಲ್ಕು ಅಥವಾ ಹೆಚ್ಚು ಎಲೆ ಸೇರಿದರೆ ಬಾಂಬು; ಅದು ಯಾವುದರ ಮೇಲೂ ಬೀಳುತ್ತದೆ. ನಾಲ್ಕು ಜೋಕರೂ ಒಬ್ಬರ ಕೈಗೆ ಬಂದರೆ ಅದಕ್ಕಿಂತ ದೊಡ್ಡದಿಲ್ಲ.

ಎರಡು ಕಟ್ಟು ಸೇರಿ ಎಲೆ 108. "ಅಷ್ಟೋತ್ತರ!" ಎಂದು ಹೇಳಿ ಗಣಿತದವಳು ತನ್ನ ಅತ್ತೆಯವರನ್ನು ಒಪ್ಪಿಸಿದಳಂತೆ. ಒಬ್ಬೊಬ್ಬರಿಗೆ 27 ಎಲೆ. ಅಷ್ಟನ್ನು ಹಿಡಿಯಲು ನಮ್ಮ ಕೈ ಸಾಲದೆ, ಪರೀಕ್ಷೆಗೆ ಒಯ್ಯುವ ಪ್ಯಾಡಿನ ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದೆವು. ನೋಡಿದವರಿಗೆ ನಾವು ನಾಲ್ವರೂ ಯಾವುದೋ ಉತ್ತರಪತ್ರಿಕೆ ತಿದ್ದುತ್ತಿದ್ದೇವೆ ಎನಿಸಬೇಕು.

ಎದುರುಬದುರು ಕೂತವರು ಜೊತೆಗಾರರು. ನನ್ನ ಜೊತೆ ಆ ಹುಡುಗಿ. ಮೊದಲು ಕೈ ಖಾಲಿ ಮಾಡಿದವರ ಪಕ್ಷ ಮೆಟ್ಟಿಲು ಹತ್ತುತ್ತದೆ. ಎರಡರಿಂದ ಶುರುವಾಗಿ ಮೂರು, ನಾಲ್ಕು ಎಂದು ಎಕ್ಕದವರೆಗೆ ಹತ್ತಬೇಕು. ಎಷ್ಟು ಮೆಟ್ಟಿಲೆಂಬುದು ಗೆದ್ದವರನ್ನು ನೋಡಿ ತೀರ್ಮಾನವಾಗುವುದಿಲ್ಲ, ಅವರ ಜೊತೆಗಾರರನ್ನು ನೋಡಿ ತೀರ್ಮಾನವಾಗುತ್ತದೆ. ಜೊತೆಗಾರರು ಎರಡನೆಯವರಾಗಿ ಮುಗಿಸಿದರೆ ಮೂರು ಮೆಟ್ಟಿಲು, ಮೂರನೆಯವರಾದರೆ ಎರಡು, ಕೊನೆಯವರಾದರೆ ಒಂದೇ. ನಿಂತಿರುವ ಮೆಟ್ಟಿಲಿನ ಸಂಖ್ಯೆಗೆ ಆ ಸುತ್ತಿನ ಮಟ್ಟಿಗೆ ದೊರೆತನ. ಐದರ ಮೆಟ್ಟಿಲಲ್ಲಿದ್ದರೆ ಐದು ಎಕ್ಕಕ್ಕಿಂತ ದೊಡ್ಡದು. ಆಟೀನಿನ ಐದಂತೂ ಜೋಕರಿನ ವೇಷವೊಂದನ್ನು ಬಿಟ್ಟು ಯಾವ ವೇಷ ಬೇಕಾದರೂ ಹಾಕಬಲ್ಲದು. ಸುತ್ತು ಮುಗಿದರೆ ಅದು ಮತ್ತೆ ಬರಿಯ ಐದು. ಇಲೆಕ್ಷನ್ ಡ್ಯೂಟಿ ಮಾಡಿದ ಮೇಷ್ಟರುಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟರವರೆಗೆ ತಕರಾರಿರಲಿಲ್ಲ. ಜಗಳ ಶುರುವಾದದ್ದು ಎರಡನೆಯ ಸುತ್ತಿಗೆ ಎಲೆ ಹಂಚಿದ ಮೇಲೆ. ಹುಡುಗಿ ಹೇಳಿದಳು: "ಅಮ್ಮ, ನೀನು ಹೋದ ಸಲ ಕೊನೆಯವಳು. ನಿನ್ನ ಕೈಯಲ್ಲಿರೋ ಎಲ್ಲಕ್ಕಿಂತ ದೊಡ್ಡ ಎಲೆ ಟೀಚರ್‌ಗೆ ಕೊಡು. ಅವರು ಹತ್ತರೊಳಗಿನ ಒಂದು ಎಲೆ ನಿನಗೆ ವಾಪಸು ಕೊಡ್ತಾರೆ." ಒಂದೇ ಪಕ್ಷದವರು ಮೊದಲೆರಡು ಸ್ಥಾನ ಹಿಡಿದಿದ್ದರೆ ಸೋತವರಿಬ್ಬರೂ ಒಂದೊಂದು ಕೊಡಬೇಕು. ದೊರೆತನದ ಆಟೀನೆಲೆಯೊಂದನ್ನು ಮಾತ್ರ ಕೇಳುವಂತಿಲ್ಲ. ಚೀನೀಯರು ಇದಕ್ಕೆ ಇಟ್ಟ ಹೆಸರು, ಸಾಮಂತರು ಚಕ್ರವರ್ತಿಗೆ ಕಾಣಿಕೆ ಒಪ್ಪಿಸುವುದಕ್ಕೆ ಹಿಂದೆ ಬಳಸುತ್ತಿದ್ದ ಮಾತೇ. ಕನ್ನಡದಲ್ಲಿ ಕಪ್ಪ.

"ಇದೆಂಥ ನ್ಯಾಯ ಮಾರಾಯ್ತಿ? ಸೋತವರ ಹತ್ತಿರವೇ ಕಿತ್ಕೊಳ್ಳೋದಾ?" ಎಂದಳು ಹಿಂದಿಯವಳು. ಮಗಳ ಓದಿಗೆಂದು ಮಾಡಿದ ಸಾಲದ ಕಂತು ಅವಳ ಸಂಬಳದಿಂದ ತಿಂಗಳು ತಿಂಗಳೂ ಹೋಗುತ್ತಿತ್ತು, ಓದು ಮಾತ್ರ ಮೊಬೈಲಿನ ಪರದೆಯಲ್ಲಿ ನಿಂತಿತ್ತು. ಅವಳು ಆಟದ ಮಾತನ್ನಷ್ಟೇ ಆಡುತ್ತಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆದರೂ ಕಪ್ಪವಿರಲೇಬೇಕೆಂದು ಹಟ ಹಿಡಿದವಳು ನಾನು. ಅದಕ್ಕೆ ನನ್ನ ಕಾರಣ ಚರಿತ್ರೆಯ ಪಾಠದ್ದು.

ಜಿಯಾಂಗ್‌ಸುವಿನ ಜನ ಎಲೆಯಾಟಕ್ಕೆ ಹೊಸಬರಲ್ಲ. ಹದಿನೈದನೆಯ ಶತಮಾನದಲ್ಲಿ ಅಲ್ಲಿ ಲು ರೋಂಗ್ ಎಂಬ ವಿದ್ವಾಂಸನಿದ್ದ (1436–1494). ಕುನ್‌ಷಾನ್ ಪಟ್ಟಣದಲ್ಲಿ ದೊಡ್ಡ ಮನುಷ್ಯರಿಂದ ಆಳುಮಕ್ಕಳವರೆಗೆ ಎಲ್ಲರೂ ಎಲೆಯಾಟ ಬಲ್ಲರೆಂದೂ, ತಾನು ಎಂಟು ವರ್ಷ ಅಲ್ಲಿ ಓದಿಯೂ ಕಲಿಯದ್ದಕ್ಕೆ ಜನ ದಡ್ಡನೆಂದು ನಗುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಚೀನೀಯರೂ ಆಗ ಅದನ್ನು 'ಎಲೆ' ಎಂದೇ ಕರೆಯುತ್ತಿದ್ದರು. ನಾವೂ ಎಲೆ ಎನ್ನುತ್ತೇವೆ. ಒಬ್ಬರಿಂದೊಬ್ಬರು ಪಡೆದದ್ದೆಂದು ಹೇಳಲು ಆಧಾರವಿಲ್ಲ. ಕೈಯಲ್ಲಿ ಬಿಡಿಸಿ ಹಿಡಿದಾಗ ಹಾಗೆ ಕಂಡಿರಬೇಕು, ಅಷ್ಟೆ. ಲು ರೋಂಗ್ ಕಂಡ ಕಟ್ಟಿನಲ್ಲಿ 38 ಎಲೆಗಳು. ಎಲೆಗೆ ಹಣದ ಬೆಲೆ. ದೊಡ್ಡ ಬೆಲೆಯವುಗಳ ಮೇಲೆ ಸರ್ಕಾರಕ್ಕೆ ಸೆಡ್ಡು ಹೊಡೆದು ಜೌಗಿನಲ್ಲಿ ಅಡಗಿದ ದರೋಡೆಕೋರ ವೀರರ ಚಿತ್ರ. ಜೂಜಾಡುವವನು ಕಳ್ಳರಂತೆ ಇನ್ನೊಬ್ಬರದನ್ನು ಕಿತ್ತುಕೊಳ್ಳುತ್ತಾನೆ, ಅದಕ್ಕೇ ಈ ಚಿತ್ರ ಎಂದು ಅವನ ವ್ಯಾಖ್ಯಾನ. ಕಥೆಯಲ್ಲಿ ಆ ದರೋಡೆಕೋರರ ಸಂಖ್ಯೆಯೂ 108 ಎಂಬುದನ್ನು ಗಣಿತದವಳ ಅತ್ತೆಯವರಿಗೆ ನಾವು ಹೇಳಲಿಲ್ಲ.

ಗ್ವಾನ್‌ದಾನ್ ಹುಟ್ಟಿದ್ದು ಅದೇ ಪ್ರಾಂತ್ಯದ ಉತ್ತರಕ್ಕಿರುವ ಹುವೈಆನ್‌ನಲ್ಲಿ, ಕಳೆದ ಶತಮಾನದ ಅರವತ್ತು–ಎಪ್ಪತ್ತರ ದಶಕಗಳಲ್ಲಿ. ಹುವೈಆನ್ ಎಂದರೆ ಪ್ರಧಾನಿ ಚೌ ಎನ್‌ಲಾಯ್ 1898ರಲ್ಲಿ ಹುಟ್ಟಿದ ಊರು. ನನ್ನ ಕಣ್ಣು ನಿಂತದ್ದು ಅದಕ್ಕಿಂತ ಹಳೆಯದೊಂದು ಸಂಗತಿಯ ಮೇಲೆ. ದಕ್ಷಿಣದ ಭತ್ತದ ಸೀಮೆಯಿಂದ ಬೀಜಿಂಗ್‌ಗೆ ಹೋಗುವ ಮಹಾಕಾಲುವೆ ಈ ಊರನ್ನು ಹಾದುಹೋಗುತ್ತದೆ. ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ ರೈತರಿಂದ ವಸೂಲಾದ ಕಪ್ಪದ ಧಾನ್ಯವನ್ನು ರಾಜಧಾನಿಗೆ ಸಾಗಿಸುವ ಇಲಾಖೆಯ ಮುಖ್ಯಾಧಿಕಾರಿಯ ಕಚೇರಿ ಇದ್ದದ್ದು ಇಲ್ಲೇ. 1472ರಲ್ಲಿ ನಿಗದಿಯಾದ ಮೊತ್ತ, ಅಲ್ಲಿನ ಅಳತೆಯಲ್ಲಿ ವರ್ಷಕ್ಕೆ 40 ಲಕ್ಷ ಶಿ. ಆ ಧಾನ್ಯಕ್ಕೂ ನಮ್ಮ ಚಾಪೆಯ ಮೇಲಿನ ಆಟಕ್ಕೂ ನೇರ ನಂಟಿದೆಯೆಂದು ನಾನು ವಾದಿಸುವುದಿಲ್ಲ. ಕಪ್ಪದ ದೋಣಿಗಳು ನಾನೂರು ವರ್ಷ ಹಾದುಹೋದ ಊರಿನವರು ಆಟದಲ್ಲಿ ಕಪ್ಪ ಇಟ್ಟುಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ ಎನ್ನುತ್ತೇನೆ.

ಹತ್ತಿರದ ಚರಿತ್ರೆಯೂ ಇದೆ. ಚೀನಾದಲ್ಲೆಲ್ಲ ಆಡುವ ಇಂಥ ಏರಿಕೆಯಾಟಗಳಲ್ಲಿ ಒಂದರ ಹೆಸರಿಗೆ 'ಹೊಳೆಯ ಮೇಲ್ಭಾಗಕ್ಕೆ ಪೈಪೋಟಿ' ಎಂಬ ಅರ್ಥ. ಮೇಲ್ಭಾಗಕ್ಕೆ ಹೋರಾಡಿ ಎಂಬ ಮಾತು 1958ರಲ್ಲಿ ಮಾವೋ ಸರ್ಕಾರದ 'ಮಹಾ ಮುನ್ನೆಗೆತ'ದ ಘೋಷಣೆಯಲ್ಲಿತ್ತು. ಯಾವ ಕಮ್ಯೂನಿನ ಇಳುವರಿ ಮೇಲು ಎಂದು ಪೈಪೋಟಿ ನಡೆಯಿತು. ಅಧಿಕಾರಿಗಳು ಬೆಳೆಯದ ಬೆಳೆಯನ್ನು ಬೆಳೆದೆವೆಂದು ಬರೆದುಕೊಟ್ಟರು. ಬರೆದ ಲೆಕ್ಕಕ್ಕೆ ತಕ್ಕಂತೆ ಸರ್ಕಾರ ಧಾನ್ಯ ಎತ್ತಿತು. ಲೆವಿ ಎಂಬ ಮಾತು ನಮ್ಮ ರೈತರಿಗೂ ಗೊತ್ತು, ಆದರೆ ಇದು ಇಲ್ಲದ ಕಾಳಿನ ಮೇಲಿನ ಲೆವಿ. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಸತ್ತವರು ಒಂದೂವರೆ ಕೋಟಿಯೆಂದು ಕೆಲವರು, ನಾಲ್ಕೂವರೆ ಕೋಟಿಯೆಂದು ಕೆಲವರು ಲೆಕ್ಕ ಹಾಕುತ್ತಾರೆ. ಸಮಾನತೆಯ ಹೆಸರಿನಲ್ಲಿ ನಡೆದ ಆಳ್ವಿಕೆಯಲ್ಲಿ, ಮೇಲಿನವನು ಕೆಳಗಿನವನ ಕೈಯಿಂದ ಒಳ್ಳೆಯದನ್ನು ಎತ್ತುವ ಆಟವನ್ನು ಜನ ನಗುತ್ತ ಆಡುತ್ತಿದ್ದರು. ಯಾವ ಸರ್ಕಾರಿ ಕಾಗದಕ್ಕಿಂತಲೂ ಇದು ಹೆಚ್ಚು ಹೇಳುತ್ತದೆಂದು ನನ್ನ ಎಣಿಕೆ.

ಇದೇ ವಂಶದ ಆಟ ಜಪಾನಿನಲ್ಲೂ ಇದೆ. ಅಲ್ಲಿ ಮೊದಲನೆಯವನು ಮಹಾ ಶ್ರೀಮಂತ, ಕೊನೆಯವನು ಮಹಾ ಬಡವ. ಬಡವ ತನ್ನ ಎರಡು ಒಳ್ಳೆಯ ಎಲೆಗಳನ್ನು ಶ್ರೀಮಂತನಿಗೆ ಕೊಡಬೇಕು. ಆದರೆ ಒಂದೇ ಸಂಖ್ಯೆಯ ನಾಲ್ಕು ಎಲೆ ಒಟ್ಟಿಗೆ ಬಿದ್ದರೆ ಅದಕ್ಕೆ 'ಕ್ರಾಂತಿ' ಎಂದು ಹೆಸರು. ಆಗ ಎಲ್ಲ ತಲೆಕೆಳಗು: ಸಣ್ಣದು ದೊಡ್ಡದು, ದೊಡ್ಡದು ಸಣ್ಣದು. ಕ್ರಾಂತಿ ಕಂಡ ಚೀನಾದ ಗ್ವಾನ್‌ದಾನ್‌ನಲ್ಲಿ ಕ್ರಾಂತಿಯ ನಿಯಮವಿಲ್ಲ, ಕಾಣದ ಜಪಾನಿನ ಆಟದಲ್ಲಿದೆ! ಇನ್ನು ಸ್ವಿಟ್ಜರ್‌ಲೆಂಡಿನ ಬೆರ್ನ್ ನಗರದ ಉರ್ಸ್ ಹೋಸ್ಟೆಟ್ಲರ್ ಎಂಬಾತ 1991ರಲ್ಲಿ 'ಟಿಚು' ಎಂಬ ಜೊತೆಗಾರರ ಏರಿಕೆಯಾಟವನ್ನು ಹೊರತಂದ. ಅಲ್ಲಿ ಕಪ್ಪವಿಲ್ಲ, ಆಟಕ್ಕೆ ಮೊದಲು ಪ್ರತಿಯೊಬ್ಬರೂ ಉಳಿದ ಮೂವರಿಗೆ ಒಂದೊಂದು ಎಲೆ ಕೊಡುತ್ತಾರೆ. ಆದರೆ ಕೊನೆಯವನು ಕೈಯಲ್ಲಿ ಉಳಿದ ಎಲೆಗಳನ್ನು ಎದುರು ಪಕ್ಷಕ್ಕೂ, ತಾನು ಗೆದ್ದದ್ದನ್ನು ಮೊದಲು ಮುಗಿಸಿದವನಿಗೂ ಒಪ್ಪಿಸಬೇಕು. ಎಲ್ಲಿ ಹೋದರೂ ಕೊನೆಯವನ ಕೈ ಬರಿದಾಗುವುದೇ.

ನಮ್ಮ ಮಕ್ಕಳಿಗೆ ನಾನು ಪಾಠ ಮಾಡುವುದೂ ಇದನ್ನೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಹಾಗೆ ದೊಡ್ಡ ಎಲೆಗಳನ್ನೆಲ್ಲ ಒಪ್ಪಿಸಿದ ಕೈ 1799ರಲ್ಲಿ ಮತ್ತೆ ಆಟಕ್ಕೆ ಕೂತಿತು. ನಾಲ್ಕನೆಯ ಮೈಸೂರು ಯುದ್ಧದ ಕಾರಣಗಳನ್ನು ಬರೆಯಿರಿ ಎಂದರೆ ಮಕ್ಕಳು ಐದು ಅಂಶ ಬರೆಯುತ್ತಾರೆ. ಹಿಂದಿನ ಸುತ್ತಿನ ಕಪ್ಪ ಎಂಬ ಒಂದು ಅಂಶ ಬರೆದರೆ ನಾನು ಪೂರ್ತಿ ಅಂಕ ಕೊಟ್ಟೇನು.

ಆಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದೇ ವರ್ಷ. ಅವರ ರಾಜ್ಯ ಕಂಪನಿ ಸರ್ಕಾರಕ್ಕೆ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹ ಕೊಡಬೇಕೆಂದು ಕರಾರು. 1831ರಲ್ಲಿ ಕಂಪನಿ ಆಡಳಿತವನ್ನೂ ಕಿತ್ತುಕೊಂಡಿತು. ಅರಮನೆಯಲ್ಲಿ ಉಳಿದ ದೊರೆ 1868ರಲ್ಲಿ ತೀರಿಕೊಳ್ಳುವವರೆಗೆ ಏನು ಮಾಡಿದರೆಂದರೆ, ಅನೇಕ ಒಳ್ಳೆಯ ಕೆಲಸಗಳ ಜೊತೆಗೆ ಆಟಗಳನ್ನು ಕಟ್ಟಿದರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕೂ ಮನೆಗಳಲ್ಲಿ ನಡೆಸುವ ಬಂಧಗಳು, ಗಂಜೀಫದ ಹೊಸ ಹೊಸ ಬಗೆಗಳು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಅವರ ಎಲೆಯಾಟಗಳ ವಿವರವಿದೆ. ಗಂಜೀಫ ನಮ್ಮಲ್ಲಿಗೆ ಮೊಗಲರ ಜೊತೆ ಬಂದದ್ದು. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನ್‌ಗೆ ಒಂದು ಕಟ್ಟು ಕಳುಹಿಸಿದನೆಂದು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅಕ್ಬರನ ಕಟ್ಟಿನಲ್ಲಿ 144 ಎಲೆ, ದಶಾವತಾರದ ಕಟ್ಟಿನಲ್ಲಿ 120. ಮುಮ್ಮಡಿಯವರು ಅದನ್ನೂ ಮೀರಿ ಬೆಳೆಸಿದರು. ರಾಜ್ಯದ ಎಲೆಗಳು ಕೈಬಿಟ್ಟ ದೊರೆಯ ಕೈಯಲ್ಲಿ ಗಂಜೀಫದ ಎಲೆಗಳು ಹೆಚ್ಚುತ್ತ ಹೋದವು. ಜಗನ್ಮೋಹನ ಅರಮನೆಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನನಗೆ ಇದೇ ಯೋಚನೆ. ಮಕ್ಕಳಿಗೆ ಮಾತ್ರ ಅಲ್ಲಿನ ಗಡಿಯಾರದ ಯೋಚನೆ.

ನನ್ನ ಈ ಭಾಷಣವನ್ನೆಲ್ಲ ಕೇಳಿಯೂ ಹಿಂದಿಯವಳು ಒಪ್ಪಲಿಲ್ಲ. 2021ರ ಮಳೆಗಾಲದಲ್ಲಿ ಎರಡು ವಾರ ಕಪ್ಪವಿಲ್ಲದೆ ಆಡಿ ನೋಡೋಣವೆಂದು ತೀರ್ಮಾನವಾಯಿತು. ಗಣಿತದವಳು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಬರೆದಳು. ಆಟ ಸಪ್ಪೆಯಾಯಿತು. ಕೊನೆಯವರಾದರೂ ಏನೂ ಹೋಗದಿದ್ದ ಮೇಲೆ ಕೊನೆಯವರನ್ನು ಉಳಿಸುವ ಆಸಕ್ತಿ ಯಾರಿಗೂ ಉಳಿಯಲಿಲ್ಲ. ಮೆಟ್ಟಿಲಿನ ಲೆಕ್ಕ ಇತ್ತು, ನಿಜ. ಆದರೆ ಪುಸ್ತಕದಲ್ಲಿ ಬರೆದ ಅಂಕಿಗೂ ಕೈಯಿಂದ ಎದ್ದುಹೋಗುವ ಕೆಂಪು ಜೋಕರಿಗೂ ವ್ಯತ್ಯಾಸವಿದೆ. ತನ್ನ ತನ್ನ ಕೈ ಖಾಲಿ ಮಾಡಿಕೊಂಡು ಕಾಫಿಗೆ ಏಳುವುದು ರೂಢಿಯಾಯಿತು. ಹದಿನಾಲ್ಕನೆಯ ದಿನ ಹಿಂದಿಯವಳೇ, "ಹಾಳಾಗಿ ಹೋಗ್ಲಿ, ಕಪ್ಪ ಇಟ್ಕೊಳ್ರೇ. ಎಲ್ಲರ ಕಣ್ಣೆದುರಿಗಾದರೂ ಕೊಡ್ತೀವಲ್ಲ," ಎಂದಳು. ಅಷ್ಟೇ ನನ್ನ ವಾದವೂ ಆಗಿತ್ತು, ನಾನು ಹೇಳಲು ಅರ್ಧ ಗಂಟೆ ತೆಗೆದುಕೊಂಡಿದ್ದೆ.

ಕಪ್ಪದ ನಿಯಮಕ್ಕೆ ಎರಡು ಸಡಿಲಗಳಿವೆ, ನ್ಯಾಯವಾಗಿ ಅವನ್ನೂ ಹೇಳಬೇಕು. ಒಂದೇ ಎಲೆಯ ಕಪ್ಪವಾದರೆ ಕೊಟ್ಟವರೇ ಆ ಸುತ್ತಿನ ಮೊದಲ ಎಲೆ ಹಾಕುತ್ತಾರೆ. ಕಪ್ಪ ಕೊಡಬೇಕಾದವರ ಬಳಿ ಎರಡೂ ಕೆಂಪು ಜೋಕರ್ ಇದ್ದರೆ ಅವನ್ನು ತೋರಿಸಿ, ಕೊಡುವುದಿಲ್ಲ ಎನ್ನಬಹುದು. ಆ ಎರಡೂ ವರ್ಷಗಳಲ್ಲಿ ಹಿಂದಿಯವಳಿಗೆ ಒಬ್ಬಳಿಗೇ ಎರಡೂ ಬಂದದ್ದು ಕೆಲವೇ ಸಲ. ಬಂದಾಗ ಮಾತಾಡದೆ ಚಾಪೆಯ ಮೇಲೆ ಅಂಗಾತ ಇಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಇಷ್ಟು ಕ್ರೂರವಾದ ಆಟದೊಳಗೇ ಜೊತೆಗಾರಿಕೆಯ ನಿಯಮಗಳು ಕೂತಿರುವುದು ನನಗೆ ಕಡೆಯವರೆಗೂ ಸೋಜಿಗ. ನಾನು ಕೊನೆಯ ಎಲೆ ಹಾಕಿ ಮುಗಿಸಿದಾಗ ಅದರ ಮೇಲೆ ಯಾರೂ ಏರದಿದ್ದರೆ, ಹೊಸದಾಗಿ ಶುರುಮಾಡುವ ಹಕ್ಕು ನನ್ನ ಜೊತೆಗಾರಳದು. ಇದಕ್ಕೆ 'ಗಾಳಿಯನ್ನು ಬರಮಾಡಿಕೊಳ್ಳುವುದು' ಎಂದು ಹೆಸರು. ದೂರದಿಂದ ಬಂದವರಿಗೆ ಊಟ ಹಾಕಿ ಉಪಚರಿಸುವುದಕ್ಕೂ ಅಲ್ಲಿ ಅದೇ ಮಾತಂತೆ. ಇನ್ನು ಎಕ್ಕದ ಮೆಟ್ಟಿಲು. ಅಲ್ಲಿ ನಿಂತವರು ಮೊದಲು ಮುಗಿಸಿದ ಮಾತ್ರಕ್ಕೆ ಆಟ ಗೆದ್ದಂತಲ್ಲ. ಜೊತೆಗಾರರು ಕೊನೆಯವರಾಗಿರಬಾರದು. ಕೊನೆಯವರಾದರೆ ಅಲ್ಲೇ ನಿಲ್ಲಬೇಕು.

ಆ ಹುಡುಗಿ ಆಡುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತನ್ನ ಒಳ್ಳೆಯ ಸಾಲನ್ನು ಒಡೆದು ಒಂಟಿ ಎಲೆ ಹಾಕುವಳು, ನನಗೆ ಅದೇ ಬೇಕೆಂದು ಗೊತ್ತು ಮಾಡಿಕೊಂಡು. "ಟೀಚರ್, ನೀವು ಹೋಗಿ. ನಾನು ಬರ್ತೀನಿ." ಹತ್ತನೆಯ ತರಗತಿಯಲ್ಲಿ ಸಹಾಯಕ ಸೈನ್ಯ ಪದ್ಧತಿಯನ್ನು ನನ್ನಿಂದಲೇ ಓದಿದವಳು. ಜೊತೆಯ ಹುಡುಗಿಯರು ಇಲ್ಲಿ ಹೌಸ್‌ಸರ್ಜನ್ ಆಗುತ್ತಿದ್ದಾಗ ಇವಳು ಪರದೆಯ ಮೇಲೆ ಅಂಗರಚನೆ ನೋಡುತ್ತಿದ್ದಳು. ಬರಿಯ ಆನ್‌ಲೈನ್ ಓದಿನ ವೈದ್ಯಕೀಯ ಪದವಿಗೆ ಇಲ್ಲಿ ಮಾನ್ಯತೆಯಿಲ್ಲವೆಂದು 2022ರ ಫೆಬ್ರವರಿಯಲ್ಲಿ ವೈದ್ಯಕೀಯ ಆಯೋಗ ತಿಳಿಸಿದ ದಿನವೂ ಅವಳು ಆಟಕ್ಕೆ ಬಂದಳು. ಅಂದು ಅವಳ ತಾಯಿ ಯಾರಿಗೂ ತಿಳಿಯದಂತೆ ಎರಡು ಸಲ ಪಾಸ್ ಎಂದು ಮಗಳನ್ನು ಮುಂದೆ ಬಿಟ್ಟಳು. ಎದುರು ಪಕ್ಷದವಳು ಹಾಗೆ ಮಾಡುವಂತಿಲ್ಲ. ಗಣಿತದವಳು ನೋಡಿದಳು, ಲೆಕ್ಕ ಬರೆದಳು, ಏನೂ ಹೇಳಲಿಲ್ಲ.

ಆ ಆಗಸ್ಟಿನಲ್ಲಿ ಚೀನಾ ವಿದ್ಯಾರ್ಥಿಗಳಿಗೆ ವೀಸಾ ಮತ್ತೆ ಕೊಡತೊಡಗಿತು. ನೇರ ವಿಮಾನವಿರಲಿಲ್ಲ, ಬೇರೊಂದು ದೇಶವನ್ನು ಬಳಸಿಕೊಂಡು ಚಳಿಗಾಲಕ್ಕೆ ಮುಂಚೆ ಹೋದಳು. ಎಲೆಯ ಕಟ್ಟುಗಳನ್ನು ನಮಗೇ ಬಿಟ್ಟುಹೋದಳು. ಅಲ್ಲಿ ಅವು ಕಿರಾಣಿ ಅಂಗಡಿಯಲ್ಲೇ ಸಿಗುತ್ತವಂತೆ.

ಅಲ್ಲಿಂದ ಅವಳು ಬರೆದ ಸುದ್ದಿಗಳು ಸ್ವಾರಸ್ಯವಾಗಿದ್ದವು. ರೈತರ ಜಗಲಿಯ ಆಟ ಅಷ್ಟರಲ್ಲಿ ದೊಡ್ಡವರ ಊಟದ ಕೋಣೆಗೆ ಏರಿತ್ತು. ಗ್ವಾನ್‌ದಾನ್ ಆಡದಿದ್ದರೆ ಉಂಡಂತೆಯೇ ಅಲ್ಲ ಎಂಬ ಗಾದೆಯೇ ಹುಟ್ಟಿತ್ತು. 2023ರಲ್ಲಿ ಹೆಫೈ ನಗರದಲ್ಲಿ ನಡೆದ ರಾಷ್ಟ್ರೀಯ ಬೌದ್ಧಿಕ ಕ್ರೀಡಾಕೂಟದಲ್ಲಿ ಅದು ಪ್ರದರ್ಶನ ಸ್ಪರ್ಧೆಯಾಯಿತು. ಮರುವರ್ಷ ಆಗಸ್ಟಿನಲ್ಲಿ ಬೀಜಿಂಗ್‌ನ ಯುವಜನ ಪತ್ರಿಕೆಯೊಂದು, ಅಧಿಕಾರಿಗಳು ಕೆಲಸ ಬಿಟ್ಟು ಇದರಲ್ಲಿ ಮುಳುಗಿ ಗುಂಪು ಕಟ್ಟುತ್ತಿದ್ದಾರೆಂದು ಸಾಲಾಗಿ ಲೇಖನ ಬರೆದು ಬೈಯಿತು. ಮೇಲಧಿಕಾರಿಯ ಜೊತೆ ಆಡುವಾಗ ಕೈಯಲ್ಲಿರುವ ಬಾಂಬನ್ನು ಹಾಕುವುದೋ ಬಿಡುವುದೋ ಎಂಬ ಸಂಕಟ ಯಾವ ದೇಶದ ಗುಮಾಸ್ತರಿಗೂ ತಿಳಿಯುವಂಥದು. ಆ ಹೊಸ ಬಗೆಯ ಕಪ್ಪಕ್ಕೆ ನಿಯಮ ಪುಸ್ತಕದಲ್ಲಿ ಹೆಸರಿಲ್ಲ.

ಹುಡುಗಿ ಓದು ಮುಗಿಸಿ ಬಂದು, ಇಲ್ಲಿನ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ದಾಟಿ, ಈಗ ಜಿಲ್ಲಾಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದಾಳೆ. ಸಾಲದ ಕಂತು ಇನ್ನೂ ಮೂರು ವರ್ಷ ಇದೆಯೆಂದು ಹಿಂದಿಯವಳು ಹೇಳುತ್ತಾಳೆ. ನಮ್ಮ ನಾಲ್ಕನೆಯ ಪ್ಯಾಡಿಗೆ ನಿವೃತ್ತ ಹೊಲಿಗೆ ಟೀಚರ್ ಬಂದಿದ್ದಾರೆ. ನನ್ನ ಜೊತೆ ಅವರೇ. ಕೈಯಲ್ಲಿ ದೊಡ್ಡದು ಬಂದರೆ ಸಾಕು, ಹಿಂದೆಮುಂದೆ ನೋಡದೆ ಹಾಕಿ ಮುಗಿಸಿ, "ನಾನು ಗೆದ್ದೆ ಕಣ್ರೀ!" ಎನ್ನುತ್ತಾರೆ. ನಾವು ಎಕ್ಕದ ಮೆಟ್ಟಿಲಲ್ಲಿ ನಿಂತು ಇದು ನಾಲ್ಕನೆಯ ವಾರ. ನನ್ನ ಕೈಯಲ್ಲಿ ಇನ್ನೂ ಎಲೆ ಇದೆಯಲ್ಲಾ ಅಕ್ಕಾ ಎಂದರೆ, ಚಾಪೆಯ ಆ ಕಡೆಯಿಂದ ನನ್ನ ಪ್ಯಾಡಿನತ್ತ ಕುತ್ತಿಗೆ ಚಾಚಿ, "ಎಷ್ಟಿದೆ?" ಎಂದು ಕೇಳುತ್ತಾರೆ.